ಚುಕ್ಕೆ ಗುರುತಿಲ್ಲದ ಪ್ರಶ್ನೆ

ನಮ್ಮ ಎಂ.ಪಿ. ದೆಹಲಿಯಲ್ಲಿ ಎಷ್ಟು ಸಲ ಬಾಯಿ ತೆರೆದರು ಎಂದು ನಾನು ಬರೆದಿಡಲು ಶುರು ಮಾಡಿದ್ದು ಒಂದು ಟೀ ಲೋಟದ ಮೇಲಿನ ಸಿಟ್ಟಿಗೆ. ಗೆದ್ದ ಹೊಸತರಲ್ಲಿ ಅವರು ಗೂಡಲೂರಿಗೆ ಬಂದಿದ್ದರು. ನಮ್ಮ ಕೇರಿಯ ಹದಿನಾರು ಮನೆಗಳ ಜಮೀನಿಗೆ ಪಟ್ಟಾ ಕೊಡಿಸಿ ಎಂದು ಮೂರು ಪ್ರತಿ ಮನವಿ ಟೈಪ್ ಮಾಡಿಕೊಂಡು, ದೊಡ್ಡಪ್ಪನನ್ನು ಕರೆದುಕೊಂಡು ಹೋಗಿದ್ದೆ. ಎಂ.ಪಿ. ಮನವಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಿಂದಿದ್ದ ಸಹಾಯಕನಿಗೆ ಕೊಟ್ಟರು. ಅವನು ಅದನ್ನು ಕಾರಿನ ಬಾನೆಟ್ ಮೇಲೆ ಹಾಸಿ ತನ್ನ ಟೀ ಲೋಟ ಇಟ್ಟುಕೊಂಡ. ದೊಡ್ಡಪ್ಪ ಅದನ್ನು ನೋಡಲಿಲ್ಲ. ಎಂ.ಪಿ. ಅವನ ಹೆಗಲ ಮೇಲೆ ಕೈ ಇಟ್ಟು, ನಿಮ್ಮ ಜಮೀನಿನ ವಿಷಯ ದೆಹಲಿಯಲ್ಲಿ ಕೇಳಿಯೇ ಕೇಳುತ್ತೇನೆ ಎಂದು ತಮಿಳಿನಲ್ಲಿ ಹೇಳುತ್ತಿದ್ದರು. ಆ ಹೆಗಲನ್ನು ದೊಡ್ಡಪ್ಪ ಮನೆ ಮುಟ್ಟುವ ತನಕ ಅಲ್ಲಾಡಿಸದೆ ಹಾಗೇ ಹಿಡಿದುಕೊಂಡು ಬಂದ. ನನಗೆ ಮೈ ಉರಿದುಹೋಯಿತು.

ದೊಡ್ಡಪ್ಪ ಅಂದರೆ ನನ್ನ ಅಪ್ಪನ ಅಣ್ಣ. ನಾನು ನಾಲ್ಕು ವರ್ಷದವನಿದ್ದಾಗ ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದವನು ಅವನೇ. ಅಜ್ಜನ ಕಾಲದಲ್ಲಿ ಗುಂಡ್ಲುಪೇಟೆ ಕಡೆಯಿಂದ ಬಂದವರು ನಾವು. ತೆಪ್ಪಕಾಡಿನಿಂದ ಗೂಡಲೂರಿಗೆ ಬರುವ ರಸ್ತೆ ಬಿಟ್ಟು ಒಳಕ್ಕೆ ಒಂದು ಮೈಲಿ ನಡೆದರೆ ನಮ್ಮ ಕೇರಿ. ರಾಗಿ, ಶುಂಠಿ, ಒಂದಿಷ್ಟು ಬಾಳೆ. ಆನೆ ತಿಂದು ಬಿಟ್ಟಿದ್ದು ನಮಗೆ. ಮೂರು ತಲೆಮಾರು ಉತ್ತರೂ ನೆಲ ನಮ್ಮದೆನ್ನಲು ಒಂದು ಚೂರು ಕಾಗದ ಯಾರ ಬಳಿಯೂ ಇರಲಿಲ್ಲ. ದೊಡ್ಡಪ್ಪನಿಗೆ ಮಗಳೊಬ್ಬಳೇ, ಗೂಡಲೂರಿಗೆ ಮದುವೆ ಮಾಡಿ ಕೊಟ್ಟಿದ್ದ. ನನ್ನನ್ನು ಹೋಟೆಲಿನಲ್ಲಿ ಲೋಟ ತೊಳೆಯಲು ಬಿಡದೆ ಟೈಪಿಂಗ್ ಕಲಿಸಿದ. ನಾನು ಗೂಡಲೂರಿನಲ್ಲೇ ಕೋಣೆ ಹಿಡಿದು, ತಾಲ್ಲೂಕು ಕಚೇರಿಯ ಎದುರು ಮೇಜು ಹಾಕಿಕೊಂಡು, ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಊರವರ ಅರ್ಜಿ ಹೊಡೆದುಕೊಡುತ್ತಿದ್ದೆ. ಅರ್ಜಿ ಹೊಡೆಯುವವನಿಗೆ ಒಂದು ಜಂಬ ಇರುತ್ತದೆ, ಸರ್ಕಾರ ತನ್ನ ಬೆರಳ ತುದಿಯಲ್ಲಿದೆ ಅಂತ. ನನಗೂ ಅದು ಬೇಕಾದಷ್ಟಿತ್ತು.

ಗೆರೆ ಎಳೆದ ಒಂದು ಉದ್ದ ನೋಟ್ ಪುಸ್ತಕ ತಂದೆ. ಅಧಿವೇಶನ ನಡೆಯುವ ದಿನಗಳಿಗೆ ಒಂದು ಕಲಂ, ಕೇಳಿದ ಪ್ರಶ್ನೆಗೆ ಒಂದು, ಮಾಡಿದ ಭಾಷಣಕ್ಕೆ ಒಂದು. ಮೊದಲು ಲೈಬ್ರರಿಯ ಪತ್ರಿಕೆಗಳಲ್ಲಿ ಹುಡುಕುತ್ತಿದ್ದೆ. ಆಮೇಲೆ ಊಟಿಯಲ್ಲಿ ಬ್ರೌಸಿಂಗ್ ಸೆಂಟರ್ ಬಂತು. ಲೋಕಸಭೆಯವರು ಯಾವ ಸದಸ್ಯ ಏನು ಕೇಳಿದ ಎಂಬ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕುತ್ತಾರೆ ಎಂದು ಅಲ್ಲಿ ಗೊತ್ತಾಯಿತು. ಅಧಿವೇಶನ ಇದ್ದಾಗೆಲ್ಲ ಶನಿವಾರ ಮೇಜು ಮುಚ್ಚಿ, ನಡುವಟ್ಟಂ ಘಾಟಿಯ ತಿರುವುಗಳನ್ನು ಹತ್ತಿ ಬಸ್ಸಿನಲ್ಲಿ ಊಟಿಗೆ ಹೋಗುತ್ತಿದ್ದೆ. ಒಂದು ಪುಟ ತೆರೆಯುವಷ್ಟರಲ್ಲಿ ಒಂದು ಟೀ ಕುಡಿದು ಬರಬಹುದಿತ್ತು. ಪುಟ ತೆರೆದರೆ ನಮ್ಮವರ ಹೆಸರಿನ ಮುಂದೆ ಏನೂ ಇಲ್ಲ. ಸೊನ್ನೆ ಬರೆದುಕೊಂಡು ಬರುತ್ತಿದ್ದೆ. ಆ ಸೊನ್ನೆಗಳನ್ನು ಬರೆಯುವಾಗ ಎಷ್ಟು ಖುಷಿಯಾಗುತ್ತಿತ್ತು ಅಂತೀರಿ. ಕೇರಿಯ ಟೀ ಅಂಗಡಿಯಲ್ಲಿ ಪುಸ್ತಕ ಬಿಚ್ಚಿ, ಇಡೀ ಅಧಿವೇಶನ ನಿಮ್ಮ ಎಂ.ಪಿ. ಬೆಂಚು ಬಿಸಿ ಮಾಡಿದರು ಎಂದು ಓದಿ ಹೇಳುತ್ತಿದ್ದೆ. ಜನ ನಗುತ್ತಿದ್ದರು. ದೊಡ್ಡಪ್ಪ ನಗುತ್ತಿರಲಿಲ್ಲ.

"ಆಡುದ್ ಮಾತ್ಗೆ ನಿಲ್ಲೋ ಮನ್ಸ ಕನಾ ಅವ್ರು. ನೀನ್ ಅದೇನ್ ಸೊನ್ನೆ ಸುತ್ತೀಯೋ ಸುತ್ಕೊ," ಅನ್ನುತ್ತಿದ್ದ.

"ನಿನ್ ಮನ್ಸ ಡೆಲ್ಲೀಲಿ ಬಾಯೇ ಬುಟ್ಟಿಲ್ವಲ್ಲ ದೊಡ್ಡಪ್ಪ."

"ದೊಡ್ಡೋರು ಬಾಯ್ ಬುಡಕ್ಕೆ ಟೈಮ್ ನೋಡ್ತಾರೆ. ನಿನ್ನಂಗೆ ವಟ ವಟ ಅನ್ನಲ್ಲ."

ಎಲ್ಲರೆದುರು ಹಾಗೆ ಅಂದುಬಿಡುತ್ತಿದ್ದ. ಸಾಕಿದವನು ಎಂದು ನಾನು ತಡೆದುಕೊಳ್ಳುತ್ತಿದ್ದೆ, ಆದರೆ ಒಳಗೆ ಒಂದೊಂದೂ ಕೂರುತ್ತಿತ್ತು. ನನಗಿಂತ ಒಂದು ಸಲ ಹೆಗಲ ಮೇಲೆ ಕೈ ಇಟ್ಟು ಹೋದ ಆ ಮನುಷ್ಯನನ್ನು ಇವನು ಹೆಚ್ಚು ನಂಬುತ್ತಾನಲ್ಲ ಎಂದು ರಾತ್ರಿ ಹಗಲು ಕೊರೆಯುತ್ತಿತ್ತು.

ಹೀಗಿರುವಾಗ ಹದಿನಾರು ಮನೆಗೂ ನೋಟಿಸು ಬಂತು. ಈ ಜಾಗ ಕಾಡಿಗೆ ಸೇರಿದ್ದು. ನಿಮ್ಮದೆಂದು ಹೇಳುವುದಿದ್ದರೆ, ಸಾಗುವಳಿ ಮಾಡುತ್ತಿರುವುದಕ್ಕೆ ಸಾಕ್ಷಿ ಸಮೇತ ಅರವತ್ತು ದಿನದೊಳಗೆ ಅಧಿಕಾರಿಗೆ ತಕರಾರು ಅರ್ಜಿ ಕೊಡಿ. ಕೊಡದಿದ್ದರೆ ಖಾಲಿ ಮಾಡಿ. ಅಷ್ಟೇ. ತಕರಾರು ಅರ್ಜಿ ನನಗೆ ಅರ್ಧ ಗಂಟೆಯ ಕೆಲಸ, ಬೇರೆ ಕೇರಿಯವರಿಗೆ ಎಷ್ಟೋ ಹೊಡೆದುಕೊಟ್ಟಿದ್ದೆ. ದೊಡ್ಡಪ್ಪನಿಗೂ ಬರುವ ಸೋಮವಾರ ಹೊಡೆಯೋಣ ಎಂದುಕೊಂಡಿದ್ದೆ.

ಅದರ ಹಿಂದಿನ ಶನಿವಾರ ಊಟಿಯಲ್ಲಿ ಪುಟ ತೆರೆದರೆ ನಮ್ಮವರ ಹೆಸರಿನ ಮುಂದೆ ಒಂದು ಪ್ರಶ್ನೆ ಇತ್ತು. ಕಣ್ಣುಜ್ಜಿಕೊಂಡು ನೋಡಿದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆ, ಅದರ ನಂಬರು, ತಾರೀಖು, ವಿಷಯ: ಮುದುಮಲೈ ಕಾಡಂಚಿನ ರೈತರ ಜಮೀನು ಹಕ್ಕು. ಉತ್ತರ ಎಂದಿದ್ದ ಜಾಗ ಒತ್ತಿದರೆ ತೆರೆಯಲಿಲ್ಲ. ಈ ಕಂಪ್ಯೂಟರಿನಲ್ಲಿ ಅದು ಬರುವುದಿಲ್ಲ ಎಂದು ಅಂಗಡಿಯಾಕೆ ಹೇಳಿದಳು. ಉತ್ತರದ ಪ್ರತಿ ಕಳಿಸಿ ಎಂದು ದೆಹಲಿಗೆ ಕಾಗದ ಬರೆದು, ಸ್ಟಾಂಪು ಹಚ್ಚಿದ ಕವರನ್ನು ಒಳಗಿಟ್ಟು, ಅಲ್ಲೇ ಪೋಸ್ಟ್ ಮಾಡಿ ಬಸ್ ಹತ್ತಿದೆ.

ಈಗ ನಾನು ಏನು ಮಾಡಬೇಕಿತ್ತು? ಬಾಯಿ ಮುಚ್ಚಿಕೊಂಡು ಅರ್ಜಿ ಹೊಡೆಯಬೇಕಿತ್ತು. ಆದರೆ ಸುದ್ದಿ ತಂದವನು ನಾನು. ಇಡೀ ತಾಲ್ಲೂಕಿನಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ. ಕೇರಿಗೆ ಹೋದವನೇ ಎಲ್ಲರನ್ನೂ ಕಟ್ಟೆಗೆ ಕೂಗಿ, ನಿಮ್ಮ ಜಮೀನಿನ ಪ್ರಶ್ನೆ ಪಾರ್ಲಿಮೆಂಟಿನಲ್ಲಿ ಬಿದ್ದಿದೆ ಎಂದು ಹೇಳಿದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆ ಅಂದರೆ ಯಾರೂ ಎದ್ದು ನಿಂತು ಕೇಳುವುದಿಲ್ಲ, ಉತ್ತರವನ್ನು ಅವತ್ತೇ ಅಚ್ಚು ಹಾಕಿ ಮೇಜಿನ ಮೇಲೆ ಇಟ್ಟುಬಿಡುತ್ತಾರೆ. ಅದು ನನಗೆ ಗೊತ್ತಿರಲಿಲ್ಲ. ಕೋರ್ಟಿನ ಕೇಸಿನ ಹಾಗೆ ಮೊದಲು ಪ್ರಶ್ನೆ ದಾಖಲಾಗುತ್ತದೆ, ವಿಚಾರಣೆ ಆಗಿ ತಿಂಗಳುಗಟ್ಟಲೆ ಬಿಟ್ಟು ಉತ್ತರ ಬರುತ್ತದೆ ಎಂದು ತಿಳಿದುಕೊಂಡಿದ್ದೆ. ತಿಳಿದುಕೊಂಡಿದ್ದನ್ನೇ ಬಲು ಗತ್ತಿನಿಂದ ವಿವರಿಸಿದೆ.

ನಮ್ಮ ಕೇರಿಯಲ್ಲಿ ಒಂದು ಪದ್ಧತಿ ಇತ್ತು. ಜಮೀನಿನ ಜಗಳವನ್ನು ಕಟ್ಟೆಗೆ ಹಾಕಿದರೆ, ಹಿರಿಯರು ಕೂತು ತೀರ್ಮಾನ ಹೇಳುವ ತನಕ ಆ ಹೊಲದ ನಾಲ್ಕು ಮೂಲೆಗೂ ಲಕ್ಕಿ ಸೊಪ್ಪಿನ ಕೊಂಬೆ ನೆಡುತ್ತಿದ್ದರು. ಸೊಪ್ಪು ಬಿದ್ದ ಹೊಲಕ್ಕೆ ಎರಡು ಕಡೆಯವರೂ ನೇಗಿಲು ಇಳಿಸುವಂತಿಲ್ಲ. ಜಗಳ ಕಟ್ಟೆಯ ಮೇಲಿರುವಾಗ ಅದನ್ನು ಪೊಲೀಸಿಗೋ ಕಚೇರಿಗೋ ಬೇರೆ ಕಡೆ ಒಯ್ದವನ ಕಡೆ ಅಲ್ಲಿಗೇ ಬಿದ್ದುಹೋಗುತ್ತಿತ್ತು. ಅವನಿಗೆ ಕಟ್ಟೆಯ ಮೇಲೆ ನಂಬಿಕೆ ಇಲ್ಲ ಎಂದು ಅರ್ಥ.

ದೊಡ್ಡಪ್ಪ ಎದ್ದು ನಿಂತ. "ಜಗ್ಳ ಈಗ ದೊಡ್ಡ ಕಟ್ಟೆ ಮ್ಯಾಲೆ ಅದೆ," ಅಂದ. "ಡೆಲ್ಲಿ ಕಟ್ಟೆ. ಉತ್ರ ಬರೋಗಂಟ ಇಲಾಖೆಯೋರೂ ಮುಟ್ಟಂಗಿಲ್ಲ, ನಾವೂ ಮುಟ್ಟಂಗಿಲ್ಲ. ಇನ್ನು ಈ ಆಪೀಸರ್ ತಾವ್ಕೆ ಅರ್ಜಿ ತಕೊಂಡೋದ್ರೆ ನಮ್ ಕಡೆ ಬಿದ್ದೋಯ್ತದೆ. ಏನ್ ಮಗ, ಸರಿ ತಾನೆ?"

ಅಷ್ಟು ಜನರ ಮುಂದೆ ಅವನು ನನ್ನನ್ನು ಕೇಳಿದ್ದು ಅದೇ ಮೊದಲು. ನಾನು "ಸರಿ" ಅಂದೆ. ಆ ಒಂದು ಮಾತನ್ನು ನನಗೆ ಇವತ್ತಿಗೂ ನುಂಗಿಕೊಳ್ಳಲಾಗಿಲ್ಲ. ಭಾನುವಾರ ನನಗೆ ಶಾಲು ಹೊದಿಸಿದರು. ಸೋಮವಾರ ದೊಡ್ಡಪ್ಪ ರಾಗಿ ಬಿತ್ತಲು ಹದ ಮಾಡಿದ್ದ ಹೊಲದ ನಾಲ್ಕು ಮೂಲೆಗೂ ಲಕ್ಕಿ ಕೊಂಬೆ ನೆಟ್ಟು, ನೇಗಿಲನ್ನು ಅಟ್ಟಕ್ಕೆ ಏರಿಸಿದ.

ಮಿಕ್ಕವರೂ ನೆಟ್ಟರು. ರಸ್ತೆಗೆ ಕಾಣುವ ಮೂಲೆಗೆ ಮಾತ್ರ. ಒಳಗೆ ಉಳುಮೆ ಸಾಂಗವಾಗಿ ನಡೆಯುತ್ತಿತ್ತು. ಎರಡನೇ ವಾರದಿಂದ ಅವರು ಒಬ್ಬೊಬ್ಬರಾಗಿ ನನ್ನ ಮೇಜಿಗೆ ಬರತೊಡಗಿದರು. ಮೊದಲು ಬಂದವನು ದೊಡ್ಡಪ್ಪನ ಪಕ್ಕದ ಮನೆಯವನು, ಒಂದೇ ಎಲೆಯಲ್ಲಿ ಉಂಡು ಬೆಳೆದ ಗೆಳೆಯ.

"ಒಂದ್ ತಕ್ರಾರ್ ಅರ್ಜಿ ಒಡ್ದ್ ಬುಡು. ನಿಮ್ ದೊಡ್ಡಪ್ಪನ್ಗೆ ಯೋಳ್ಬ್ಯಾಡ. ಪಾಪ, ನೊಂದ್ಕತಾನೆ," ಅಂದ.

ಹೊಡೆದುಕೊಟ್ಟೆ. ಹೇಡಿಗಳು ಎಂದು ಮನಸ್ಸಿನಲ್ಲೇ ಬೈದುಕೊಂಡು ಹದಿನೈದು ಮನೆಗೂ ಹೊಡೆದುಕೊಟ್ಟೆ. ಹದಿನೈದು ಜನರೂ ಅದೇ ಮಾತು ಹೇಳಿದರು, ದೊಡ್ಡಪ್ಪನಿಗೆ ಹೇಳಬೇಡ. ಸಂಜೆ ಅದೇ ಜನ ಟೀ ಅಂಗಡಿಯಲ್ಲಿ ಅವನ ಪಕ್ಕ ಕೂತು, ಡೆಲ್ಲಿಯ ಉತ್ತರ ಯಾವಾಗ ಬರಬಹುದು ಎಂದು ಮಾತಾಡುತ್ತಿದ್ದರು.

ಅರವತ್ತರಲ್ಲಿ ಹನ್ನೊಂದು ದಿನ ಉಳಿದಿದ್ದಾಗ ನನ್ನ ಕವರು ವಾಪಸು ಬಂತು. ನನ್ನದೇ ಕೈಬರಹದ ವಿಳಾಸ. ಒಳಗೆ ಒಂದೇ ಹಾಳೆ. ಮೇಲೆ ನಮ್ಮ ಎಂ.ಪಿ.ಯ ಪ್ರಶ್ನೆ ನಾಲ್ಕು ಭಾಗವಾಗಿ ಅಚ್ಚಾಗಿತ್ತು. ಆ ರೈತರ ಸ್ಥಿತಿ ಸರ್ಕಾರಕ್ಕೆ ಗೊತ್ತೇ, ಗೊತ್ತಿದ್ದರೆ ವಿವರವೇನು, ಹಕ್ಕು ಕೊಡುವ ಯೋಚನೆ ಇದೆಯೇ, ಇದ್ದರೆ ಯಾವಾಗ. ಕೆಳಗೆ ಮಂತ್ರಿಯ ಉತ್ತರ ಎರಡು ಸಾಲು. ಭೂಮಿ ರಾಜ್ಯ ಸರ್ಕಾರಕ್ಕೆ ಸೇರಿದ ವಿಷಯ. ಉಳಿದ ಪ್ರಶ್ನೆಗಳು ಉದ್ಭವಿಸುವುದಿಲ್ಲ. ತಾರೀಖು ನೋಡಿದೆ. ಪ್ರಶ್ನೆಗೂ ಉತ್ತರಕ್ಕೂ ಒಂದೇ ತಾರೀಖು. ನಾನು ಕಟ್ಟೆಯ ಮೇಲೆ ನಿಂತು ಭಾಷಣ ಮಾಡುವ ಮೊದಲೇ ದೊಡ್ಡ ಕಟ್ಟೆಯಲ್ಲಿ ಎಲ್ಲ ಮುಗಿದುಹೋಗಿತ್ತು.

ಆದರೂ ಹನ್ನೊಂದು ದಿನ ಇತ್ತಲ್ಲ. ಮೇಜಿತ್ತು, ಟೈಪ್‌ರೈಟರ್ ಇತ್ತು, ಅಧಿಕಾರಿಯ ಕಚೇರಿ ಕೂಗಳತೆಯಲ್ಲಿತ್ತು. ದೊಡ್ಡಪ್ಪನ ಹೆಬ್ಬೆಟ್ಟು ಒಂದು ಸಾಕಿತ್ತು. ಭಾನುವಾರ ಹೇಳಿಬಿಡುತ್ತೇನೆ ಎಂದು ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ದೊಡ್ಡಪ್ಪ ಪತ್ರಿಕೆಯಿಂದ ಎಂ.ಪಿ.ಯ ಚಿತ್ರ ಕತ್ತರಿಸಿ ಅನ್ನದ ಅಗುಳಿನಿಂದ ಬಾಗಿಲಿಗೆ ಅಂಟಿಸಿದ್ದ. ಹೊಲದಲ್ಲಿ ಕಳೆ ಮೊಣಕಾಲುದ್ದ ಬೆಳೆದಿತ್ತು.

"ಉತ್ರ ಬಂತಾ ಮಗ?" ಅಂದ.

"ಇನ್ನೂ ಇಲ್ಲ."

"ನಿಧಾನ ಆದಷ್ಟೂ ಒಳ್ಳೇದು. ಚೆನ್ನಾಗ್ ವಿಚಾರ್ಸ್ತಾವ್ರೆ ಅಂತ ಅರ್ಥ. ನೀನು ಸೊನ್ನೆ ಸೊನ್ನೆ ಅಂತಿದ್ದಲ್ಲ, ನೋಡ್ದಾ ನಮ್ಮೋರ್ನ?"

ಅವನು ನಗುತ್ತಾ ಅಂದ ಆ ಮಾತು ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಶಾಲು ಹೊದಿಸಿಕೊಂಡ ನಾಚಿಕೆಯಿಂದ ಹೇಳಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದೇನೆ. ಅದೂ ಇತ್ತು. ಆದರೆ ಅದಕ್ಕಿಂತ ಕೆಟ್ಟದ್ದೊಂದು ಇತ್ತು. ನಿನ್ನ ಮನುಷ್ಯ ಎಷ್ಟು ದೊಡ್ಡ ಸೊನ್ನೆ ಎಂದು ನಿನಗೇ ಗೊತ್ತಾಗಲಿ ಎಂದುಕೊಂಡೆ. ಹೇಳಿಬಿಟ್ಟರೆ ದೊಡ್ಡಪ್ಪ ಅರ್ಜಿ ಹಾಕಿ ಉಳಿದುಕೊಳ್ಳುತ್ತಾನೆ, ಎಂ.ಪಿ. ಪ್ರಶ್ನೆ ಕೇಳಿದ ಧರ್ಮಾತ್ಮನಾಗಿಯೇ ಉಳಿಯುತ್ತಾರೆ. ನನಗೆ ನನ್ನ ಪುಸ್ತಕ ಗೆಲ್ಲಬೇಕಿತ್ತು. ಗೂಡಲೂರಿಗೆ ವಾಪಸು ಬಂದು, ಪುಸ್ತಕದಲ್ಲಿ ಆ ಪ್ರಶ್ನೆಯ ಎದುರು "ಉದ್ಭವಿಸುವುದಿಲ್ಲ" ಎಂದು ದುಂಡಗೆ ಬರೆದೆ.

ಇನ್ನೂ ನಾಳೆ ಇದೆ, ನಾಡಿದ್ದು ಇದೆ ಅನ್ನುತ್ತಲೇ ಹನ್ನೊಂದು ದಿನ ಕಳೆದವು.

ಪರಿಶೀಲನೆಗೆ ಅಧಿಕಾರಿಗಳು ಬಂದಾಗ ನಾನೂ ಅಲ್ಲಿದ್ದೆ. ಹದಿನೈದು ಮನೆಯವರ ಅರ್ಜಿ ಅವರ ಫೈಲಿನಲ್ಲಿತ್ತು, ಹೊಲದಲ್ಲಿ ಪೈರಿತ್ತು. ದೊಡ್ಡಪ್ಪನ ಹೊಲಕ್ಕೆ ಬಂದಾಗ ಸರ್ವೇಯರು ಸುತ್ತ ನೋಡಿ, ಸಾಗುವಳಿ ಇಲ್ಲ, ಪಾಳು ಎಂದು ಬರೆದುಕೊಂಡ. ದೊಡ್ಡಪ್ಪ ಒಣಗಿದ ಕೊಂಬೆ ತೋರಿಸಿ, ತನ್ನ ಹರಕು ತಮಿಳಿನಲ್ಲಿ, ಇದು ಪಾಳಲ್ಲ, ಸೊಪ್ಪು ಬಿದ್ದಿದೆ, ಪ್ರಶ್ನೆ ನಡೆಯುತ್ತಿದೆ ಎಂದ. ಸ್ಟೇ ತಂದಿದ್ದೀರಾ, ಯಾವ ಕೋರ್ಟು ಎಂದು ಅಧಿಕಾರಿ ಕೇಳಿದರು. ದೊಡ್ಡಪ್ಪ ಎದೆಯುಬ್ಬಿಸಿ "ಡೆಲ್ಲಿ" ಅಂದ. ಅವರೆಲ್ಲ ನಕ್ಕರು. ಒಬ್ಬ ಗುಮಾಸ್ತನಂತೂ ಬಗ್ಗಿ ಬಗ್ಗಿ ನಕ್ಕ. ದೊಡ್ಡಪ್ಪ ನನ್ನ ಕಡೆ ತಿರುಗಿ, "ಯೋಳು ಮಗ, ನೀನೇ ಯೋಳು ಇವ್ರ್ಗೆ," ಅಂದ. ನಾನು ನೆಲ ನೋಡಿದೆ.

ಆರು ತಿಂಗಳು ಕಳೆದು ದೊಡ್ಡಪ್ಪನ ಮನೆ ಕಿತ್ತರು. ಕೀಳಲು ಬಂದವರು ಕಾಡಿನ ಹಾಡಿಯ ಕೂಲಿಯಾಳುಗಳು, ಶುಂಠಿ ಕೀಳಲು ದೊಡ್ಡಪ್ಪನ ಹೊಲಕ್ಕೇ ಬರುತ್ತಿದ್ದವರು. ಅವರಿಗೂ ಬೇರೆ ದಿನಗೂಲಿ ಇರಲಿಲ್ಲ. ದೊಡ್ಡಪ್ಪ ಊಟ ಮುಗಿಸಿ ಕೈ ತೊಳೆಯುವ ತನಕ ಅಂಗಳದಲ್ಲಿ ಕಾದಿದ್ದು ಆಮೇಲೆ ಹಂಚಿಗೆ ಕೈ ಹಾಕಿದರು. ಪಕ್ಕದ ಮನೆಯವನು ಬಂದು, ತನ್ನ ಅರ್ಜಿಯ ಸುದ್ದಿ ಎತ್ತದೆ, ಇನ್ನು ನಮ್ಮ ಸರದಿ ಎಂದು ಕಣ್ಣೊರೆಸಿಕೊಂಡ. ದೊಡ್ಡಪ್ಪ ಅವನ ಬೆನ್ನು ಸವರಿ ಸಮಾಧಾನ ಮಾಡಿದ.

ಗೂಡಲೂರಿನಲ್ಲಿ ಮಗಳ ಮನೆಯ ಹಿಂದೆ ಸೌದೆ ಇಡುತ್ತಿದ್ದ ಕೋಣೆಯಲ್ಲಿ ಅವನ ಸಂಸಾರ ಇಳಿಯಿತು. ದೊಡ್ಡಮ್ಮ ಅದೇ ಮಳೆಗಾಲದಲ್ಲಿ ಕೆಮ್ಮಿ ಕೆಮ್ಮಿ ತೀರಿಕೊಂಡಳು. ದೊಡ್ಡಪ್ಪ ದಿನಾ ಬೆಳಿಗ್ಗೆ ಹತ್ತಕ್ಕೆ ನನ್ನ ಮೇಜಿಗೆ ಬರುತ್ತಿದ್ದ. ಉತ್ರ ಬಂತಾ ಮಗ? ಇಲ್ಲ ದೊಡ್ಡಪ್ಪ. ಬೆಂಚಿನ ತುದಿಯಲ್ಲಿ ಮಧ್ಯಾಹ್ನದ ತನಕ ಕೂತಿದ್ದು ಎದ್ದು ಹೋಗುತ್ತಿದ್ದ. ಎರಡು ವರ್ಷ ಹೀಗೇ. ನಡುವೆ ಚುನಾವಣೆ ಬಂದು ಹೋಯಿತು, ಎಂ.ಪಿ. ಬದಲಾದರು. ಅರ್ಜಿ ಬರೆಸಲು ಬಂದವರಿಗೆಲ್ಲ ಅವನ ಪರಿಚಯವಾಗಿತ್ತು. "ತಾತಾ, ಡೆಲ್ಲಿ ಏನಂತು?" ಎಂದು ತಮಿಳಿನಲ್ಲಿ ಕೆಣಕುತ್ತಿದ್ದರು. ಒಮ್ಮೊಮ್ಮೆ ನಾನೂ ಅವರ ಜೊತೆ ನಕ್ಕಿದ್ದೇನೆ. ಅವನನ್ನು ನೋಡಿದರೆ ನನಗೆ ಅಸಹ್ಯ ಆಗುತ್ತಿತ್ತು. ದಿನಾ ಬಂದು ಎದುರಿಗೆ ಕೂತು ಇರಿಯುತ್ತಾನಲ್ಲ, ಇವನು ಬರದೇ ಇರಬಾರದೇ ಅನ್ನಿಸುತ್ತಿತ್ತು.

ಒಂದು ದಿನ ಜನ ತುಂಬಾ ಇದ್ದರು. ನಾನು ಒಬ್ಬ ಹೆಂಗಸಿನ ಅರ್ಜಿಯಲ್ಲಿ ತಪ್ಪು ಮಾಡಿ, ಹಾಳೆ ಕಿತ್ತು ಎಸೆದು, ಅವಳನ್ನೇ ಗದರಿದೆ. ದೊಡ್ಡಪ್ಪ ಬೆಂಚಿನಿಂದಲೇ ಅಂದ:

"ನಿಂದೇ ತಪ್ಪು, ಅವಳ್ನ್ಯಾಕ್ಲಾ ಬಯ್ತೀಯೆ? ಒಂದ್ ಉತ್ರ ತರ್ಸಕ್ಕೆ ಆಗ್ಲಿಲ್ಲ, ನಿಂದೂ ಒಂದ್ ಕೆಲ್ಸವಾ?"

ಜನ ನಕ್ಕರು. ನನಗೆ ತಲೆ ಕೆಟ್ಟುಹೋಯಿತು. ಡ್ರಾಯರ್ ಎಳೆದು ಆ ಹಾಳೆ ತೆಗೆದು ಅವನ ತೊಡೆಯ ಮೇಲೆ ಎಸೆದೆ.

"ತಕೊ ನಿನ್ ಉತ್ರವ. ಯಾವತ್ತೋ ಬಂದದೆ. ಇನ್ನೂ ಹನ್ನೊಂದ್ ದಿನ ಇದ್ದಂಗೇ ಬಂದದೆ."

ಅವನಿಗೆ ಓದಲು ಬರುವುದಿಲ್ಲ. ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಏನಂತ ಅದೆ?"

"ನಿನ್ ಪ್ರಶ್ನೆ ಉದ್ಭವಿಸೋದಿಲ್ಲ ಅಂತ."

"ಅಂಗಂದ್ರೆ?"

"ಅಂಗಂದ್ರೆ ನೀನು ಕೇಳೇ ಇಲ್ಲ ಅಂತ. ನೀನು ಇಲ್ವೇ ಇಲ್ಲ ಅಂತ."

ಮಿಕ್ಕ ಹದಿನೈದು ಅರ್ಜಿಯ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಅದೊಂದನ್ನು ಹೇಗೋ ತಡೆದುಕೊಂಡೆ. ಕೊಟ್ಟ ಮಾತು ಉಳಿಸಿಕೊಂಡೆ ಎಂದು ಆಗ ಹೆಮ್ಮೆ ಬೇರೆ ಪಟ್ಟೆ. ದೊಡ್ಡಪ್ಪ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು ಎದ್ದ. "ಹನ್ನೊಂದ್ ದಿನ," ಅಂದ, ನನಗೆ ಹೇಳಿದ್ದಲ್ಲ. ಮಾರನೆಯ ದಿನದಿಂದ ಬರಲಿಲ್ಲ.

ನಾನು ಹೋಗಿ ನೋಡಲಿಲ್ಲ. ಹಬ್ಬಕ್ಕೂ ಹೋಗಲಿಲ್ಲ. ಅವನಾಗಿಯೇ ಬರಲಿ ಎಂದು ಬಿಗಿಯಾಗಿ ಕೂತೆ. ಒಂಬತ್ತು ತಿಂಗಳ ಮೇಲೆ, ಮಳೆ ಹಿಡಿದ ಒಂದು ಬೆಳಿಗ್ಗೆ, ದೊಡ್ಡಪ್ಪನ ಅಳಿಯ, ನನ್ನ ಭಾವ, ಬಂದು ದೊಡ್ಡಪ್ಪ ಹೋದ ಸುದ್ದಿ ಹೇಳಿದರು.

ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಅಜ್ಜನನ್ನೂ ನನ್ನ ಅಪ್ಪನನ್ನೂ ಹೊಲದ ಬದುವಿನಲ್ಲೇ ಹೂತಿದ್ದು. ದೊಡ್ಡಪ್ಪನಿಗೆ ಅಲ್ಲಿಗೆ ಹೋಗುವ ಹಾಗಿರಲಿಲ್ಲ, ಕಾಡಿನ ಬೇಲಿ ಬಿದ್ದಿತ್ತು. ಗೂಡಲೂರಿನ ಸಾರ್ವಜನಿಕ ಸ್ಮಶಾನದ ಮೂಲೆಯಲ್ಲಿ, ಕೆಂಪು ಕೆಸರಿನಲ್ಲಿ ಗುಂಡಿ ತೋಡಿದ್ದರು. ಕೇರಿಯ ಹದಿನೈದು ಮನೆಯವರೂ ಜೀಪು ಮಾಡಿಕೊಂಡು ಬಂದಿದ್ದರು. ಹೆಣ ಇಳಿಸಿದ ಮೇಲೆ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಬೇಕು. ಗಂಡುಮಕ್ಕಳಿಲ್ಲದ ಮನೆಗೆ ತಮ್ಮನ ಮಗ ನಾನು, ಮೊದಲ ಮಣ್ಣು ನನ್ನದು. ಬಗ್ಗಿ ಹಿಡಿ ತುಂಬಿಕೊಂಡೆ.

ದೊಡ್ಡಪ್ಪನ ಮಗಳು, ನಾನು ಅಕ್ಕ ಎಂದೇ ಕರೆದುಕೊಂಡು ಬೆಳೆದವಳು, ಮುಂದೆ ಬಂದು ನನ್ನ ಮಣಿಕಟ್ಟು ಹಿಡಿದಳು.

"ಬ್ಯಾಡ. ನಿನ್ ಕೈ ಮಣ್ಣು ಬ್ಯಾಡ ಅಂದವ್ರೆ ಅಪ್ಪ. ಎಲ್ರ ಮಣ್ಣೂ ಬೀಳ್ಲಿ, ಅವನ್ದೊಂದು ಬ್ಯಾಡ ಅಂದವ್ರೆ."

ಕೈ ಬಿಟ್ಟೆ, ಮಣ್ಣು ಕಾಲ ಮೇಲೆ ಬಿತ್ತು. ನಾನು ಹಿಂದೆ ಸರಿದಾಗ ಪಕ್ಕದ ಮನೆಯವನು ನನ್ನನ್ನು ದಾಟಿಕೊಂಡು ಮುಂದೆ ಹೋದ, ಗೋಳೋ ಎಂದು ಅಳುತ್ತಾ ಬಗ್ಗಿ ತನ್ನ ಮೂರು ಹಿಡಿ ಹಾಕಿದ. ಅಕ್ಕ ಅವನ ತೋಳು ಹಿಡಿದು, ಕೆಸರಿನಲ್ಲಿ ಜಾರದ ಹಾಗೆ ಮೇಲಕ್ಕೆ ಕರೆತಂದಳು.